ಆಯಿಲ್ ಪ್ರೆಶರ್ ಬೀಳುತ್ತಿದೆ, ಗಾಡಿ ಏರು ಹತ್ತುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಕಳೆದ ಮಳೆಗಾಲದಲ್ಲಿ ಹತ್ತು ಚಕ್ರದ ಹಳೆಯ ಲಾರಿಯೊಂದು ನಮ್ಮ ಶೆಡ್ಡಿಗೆ ಬಂತು. ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಶುರುವಾದ ಕೂಡಲೇ ಗಾಡಿ ಎಳೆಯುವುದನ್ನೇ ಬಿಡುತ್ತದೆ, ಎರಡನೇ ಗೇರಿನಲ್ಲಿ ತೆವಳುತ್ತದೆ, ಹೇಗೋ ಸಕಲೇಶಪುರ ಮುಟ್ಟಿ ಸ್ಲೋದಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುತ್ತಿರುವಾಗ) ನಿಲ್ಲಿಸಿದರೆ ಆಯಿಲ್ ಲೈಟು ಮಿಣಮಿಣ ಅನ್ನುತ್ತದೆ. ಇದು ದೂರು. ನನ್ನ ಹತ್ತಿರ ಬರುವ ಮೊದಲೇ ಮಾಲೀಕರು ಬೇರೆ ಕಡೆ ಆಯಿಲ್ ಪಂಪ್ ಬದಲಿಸಿದ್ದರು, ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಆರೂ ನಾಜಲ್ ಟೆಸ್ಟ್ ಮಾಡಿಸಿದ್ದರು, ಡೀಸೆಲ್ ಫಿಲ್ಟರ್ ಎರಡು ಸಲ ಹಾಕಿಸಿದ್ದರು. ಬಿಲ್ಲು ಬೆಳೆದಿತ್ತು, ಗಾಡಿ ಹಾಗೇ ಇತ್ತು. ಡ್ರೈವರ್ ಮಾತ್ರ ಒಂದು ವಿಷಯವನ್ನು ಹೆಮ್ಮೆಯಿಂದ ಹೇಳಿದ: "ಏನೇ ಆಗ್ಲಿ ಅಣ್ಣ, ನಮ್ ಗಾಡಿ ಆಯಿಲ್ ಮಾತ್ರ ಒಂದು ತೊಟ್ಟೂ ಕುಡಿಯಲ್ಲ."

ಆರು ಲಕ್ಷ ಕಿಲೋಮೀಟರ್ ಓಡಿದ ಇಂಜಿನ್ ಆಯಿಲ್ ಕುಡಿಯಲ್ಲ ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಆ ಗಾಡಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು, ಇಂಥ ದೂರು ಬಂದಾಗ ನಾನು ಯಾವ ಕ್ರಮದಲ್ಲಿ ನೋಡುತ್ತೇನೆ, ಯಾಕೆ ಹಾಗೆ ನೋಡುತ್ತೇನೆ ಅಂತ ಬರೆಯುತ್ತೇನೆ. ಡೀಸೆಲ್ ಪ್ರೆಶರ್ ಇರಲಿ ಆಯಿಲ್ ಪ್ರೆಶರ್ ಇರಲಿ, ಗೇಜ್ ಹಾಕಿ ಅಳೆಯದೆ ಒಂದು ಬೋಲ್ಟನ್ನೂ ಬಿಚ್ಚಬೇಡಿ. ಅಳೆಯುವುದಕ್ಕೆ ಅರ್ಧ ಗಂಟೆ ಸಾಕು. ಇಂಜಿನ್ ತಳದ ಆಯಿಲ್ ಚೇಂಬರ್ ಇಳಿಸಿ ಪಂಪ್ ಬದಲಿಸುವುದಕ್ಕೆ ಒಂದು ದಿನ ಹೋಗುತ್ತದೆ, ದುಡ್ಡು ಬೇರೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಆಯಿಲ್‌ಗೆ 0ಯಿಂದ 10 ಬಾರ್ ತೋರಿಸುವ ಮೆಕ್ಯಾನಿಕಲ್ ಗೇಜ್ ಒಂದು, ಅದಕ್ಕೆ ಹೊಂದುವ ಎರಡು ಮೂರು ಅಡಾಪ್ಟರ್. ಡೀಸೆಲ್‌ನ ಲೋ ಪ್ರೆಶರ್ ಕಡೆಗೆ 0ಯಿಂದ 4 ಬಾರ್ ಗೇಜ್ ಒಂದು, ಟೀ ಜಾಯಿಂಟ್ ಒಂದು. ಒಳಗೆ ಹರಿಯುವುದು ಕಾಣುವಂಥ ಪ್ಲಾಸ್ಟಿಕ್ ಪೈಪು ಎರಡಡಿ. ಶುದ್ಧವಾದ ಹತ್ತು ಲೀಟರಿನ ಕ್ಯಾನ್. ಹೊಸ ತಾಮ್ರದ ವಾಷರ್‌ಗಳು. ಹಳೆಯ ವಾಷರ್ ತಿರುಗಿಸಿ ಹಾಕುವ ಚಾಳಿ ನಮ್ಮಲ್ಲಿ ಎಲ್ಲರಿಗೂ ಇದೆ, ನನಗೂ ಇತ್ತು, ಅರ್ಧ ಏರ್ ಲಾಕ್‌ಗಳು ಹುಟ್ಟುವುದೇ ಅಲ್ಲಿ. ಹಳೆಯ ಗಾಡಿಗಳ ಗೇಜು ಕೆಜಿ ಲೆಕ್ಕದಲ್ಲಿ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅಂತ) ಇರುತ್ತದೆ, ಕೆಲವದರಲ್ಲಿ ಪಿಎಸ್ಐ ಇರುತ್ತದೆ. 1 ಬಾರ್ ಅಂದರೆ ಸುಮಾರು 14.5 ಪಿಎಸ್ಐ, ಕೆಜಿ ಲೆಕ್ಕಕ್ಕೂ ಬಾರ್‌ಗೂ ವ್ಯತ್ಯಾಸ ಬಹಳ ಕಡಿಮೆ. ಚಕ್ರಕ್ಕೆ ಕಲ್ಲು ಕೊಡಿ, ಕ್ಯಾಬಿನ್ ಎತ್ತಿದರೆ ಲಾಕ್ ಬಿದ್ದಿದೆಯಾ ನೋಡಿ. ಇದನ್ನು ಹೇಳಬೇಕಾ ಅಂತ ಅನ್ನಿಸಬಹುದು. ಹೇಳಬೇಕು.

ಆಯಿಲ್ ಕಡೆ

ಮೊದಲು ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿ ತೆಗೆಯಿರಿ. ಲೆವೆಲ್ ನೋಡಿದರೆ ಸಾಲದು, ಮೂಸಿ ನೋಡಿ, ಬೆರಳಲ್ಲಿ ಉಜ್ಜಿ ನೋಡಿ. ಕಡಿಮೆ ಇದ್ದರೆ ತುಂಬಿಸಿ, ಎಲ್ಲಿ ಹೋಯಿತು ಅಂತ ಹುಡುಕಿ. ಲೆವೆಲ್ ಮೇಲಿನ ಗೀಟು ದಾಟಿದ್ದರೆ ಗಾಡಿ ಸ್ಟಾರ್ಟ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ಯಾರೋ ಜಾಸ್ತಿ ಹುಯ್ದಿರಬಹುದು, ಇಲ್ಲದಿದ್ದರೆ ಡೀಸೆಲ್ಲೋ ನೀರೋ ಸೇರಿರಬೇಕು. ಡೀಸೆಲ್ ಸೇರಿದ್ದರೆ ಆಯಿಲ್ ತೆಳ್ಳಗಾಗಿ ಕಡ್ಡಿಯಿಂದ ನೀರಿನ ಹಾಗೆ ಜಾರುತ್ತದೆ, ವಾಸನೆ ಗೊತ್ತಾಗುತ್ತದೆ. ನೀರು ಜಾಸ್ತಿ ಸೇರಿದ್ದರೆ ಹಾಲು ಹಾಕಿದ ಕಾಫಿ ಬಣ್ಣ. ಸ್ವಲ್ಪವೇ ಸೇರಿದ್ದರೆ ಬಣ್ಣ ಬದಲಾಗುವುದಿಲ್ಲ. ಆಗ ಬಿಸಿ ತಗಡಿನ ಮೇಲೆ ಒಂದೇ ಒಂದು ತೊಟ್ಟು ಬಿಡಿ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಚಟ ಅಂದರೆ ನೀರಿದೆ. ಇದನ್ನು ಶೆಡ್ಡಿನ ಹೊರಗೆ, ಡೀಸೆಲ್ ಡಬ್ಬಿಗಳಿಂದ ದೂರ ಮಾಡಿ.

ಲೆವೆಲ್ ಏರಿದ ಇಂಜಿನ್ ಓಡಿಸಬೇಡಿ ಅಂದಿದ್ದಕ್ಕೆ ಇನ್ನೊಂದು ಕಾರಣ ಇದೆ. ತೆಳ್ಳಗಾದ ಆಯಿಲ್ ಇಂಜಿನ್ ಉಸಿರು ಬಿಡುವ ಬ್ರೀದರ್ ಮೂಲಕವೋ ಗಾಳಿ ಒತ್ತಿ ತುಂಬುವ ಟರ್ಬೋ ಮೂಲಕವೋ ಗಾಳಿಯ ದಾರಿಗೆ ಸೇರಿದರೆ ಇಂಜಿನ್ ಅದನ್ನೇ ಉರಿಸಿಕೊಂಡು ತಾನಾಗಿ ರೇಸ್ ಆಗಲು ಶುರು ಮಾಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಗಾಳಿ ಹೋಗುವ ಬಾಯಿಗೆ ಗಟ್ಟಿ ಹಲಗೆ ಒತ್ತಿ ಮುಚ್ಚಬೇಕು, ಅಥವಾ ಮೇಲಿನ ಗೇರಿಗೆ ಹಾಕಿ ಬ್ರೇಕ್ ಪೂರ್ತಿ ಒತ್ತಿ ಕ್ಲಚ್ ಬಿಡಬೇಕು. ಕೈಯನ್ನೋ ಬಟ್ಟೆಯನ್ನೋ ಇಡಲು ಹೋಗಬೇಡಿ, ಒಳಗೆ ಎಳೆದುಕೊಳ್ಳುತ್ತದೆ.

ಲೆವೆಲ್ ಸರಿ, ವಾಸನೆ ಸರಿ ಅಂದರೆ ಮುಂದಿನ ಪ್ರಶ್ನೆ: ಪ್ರೆಶರ್ ನಿಜವಾಗಿಯೂ ಇಲ್ವಾ, ಅಥವಾ ಮೀಟರ್ ಸುಳ್ಳು ಹೇಳುತ್ತಿದೆಯಾ? ಮೀಟರಿಗೆ ಪ್ರೆಶರ್ ತಿಳಿಸುವ ಸೆಂಡರ್ ಹಾಳಾಗುವುದು, ವೈರು ಉಜ್ಜಿ ಬಾಡಿಗೆ ತಾಗುವುದು, ಅರ್ತ್ ಸರಿ ಇಲ್ಲದಿರುವುದು ಲಾರಿಗಳಲ್ಲಿ ದಿನಾ ನೋಡುವ ವಿಷಯ. ಸೆಂಡರ್ ಬಿಚ್ಚಿ ಅದೇ ಜಾಗದಲ್ಲಿ ಮೆಕ್ಯಾನಿಕಲ್ ಗೇಜ್ ಹಾಕಿ. ತಣ್ಣಗಿದ್ದಾಗ ಒಂದು ಸಲ ಬರೆದುಕೊಳ್ಳಿ, ನೀರಿನ ಬಿಸಿ 80 ಡಿಗ್ರಿ ದಾಟಿದ ಮೇಲೆ ಸ್ಲೋದಲ್ಲಿ ಒಂದು ಸಲ, ಸುಮಾರು 2000 ಆರ್‌ಪಿಎಂನಲ್ಲಿ ಇನ್ನೊಂದು ಸಲ. ಬಿಸಿ ಇಂಜಿನ್ ಸ್ಲೋದಲ್ಲಿ ಸುಮಾರು 1 ಬಾರ್, ರೇಸ್ ಕೊಟ್ಟಾಗ 3ರಿಂದ 5 ಬಾರ್ ನಡುವೆ ಇದ್ದರೆ ಹೆಚ್ಚಿನ ಲಾರಿ ಇಂಜಿನ್‌ಗಳಿಗೆ ತೊಂದರೆ ಇಲ್ಲ. ನಿಮ್ಮ ಇಂಜಿನ್ನಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಲೆಕ್ಕ, ನನ್ನದಲ್ಲ. ಲೈಟು ಹತ್ತುವ ಸ್ವಿಚ್ಚು ಸಾಮಾನ್ಯವಾಗಿ ಅರ್ಧ ಬಾರ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅಂದರೆ ಓಡುವಾಗ ಲೈಟು ಹತ್ತಿತು ಅಂದರೆ ಪ್ರೆಶರ್ ಆಗಲೇ ತಳ ಮುಟ್ಟಿದೆ. "ಮುಂದಿನ ಊರಿನವರೆಗೆ ಹೋಗಿ ನೋಡೋಣ" ಅಂದವರ ಕ್ರ್ಯಾಂಕ್ ಶಾಫ್ಟ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಮೂರು ಅಂಕಿ ಕೈಯಲ್ಲಿದೆ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಸ್ಲೋದಲ್ಲಿ ಮಾತ್ರ ಬಿದ್ದರೆ ಆಯಿಲ್ ತೆಳ್ಳಗಿದೆ ಅಥವಾ ಬೇರಿಂಗ್ ಸವೆದಿದೆ. ಪಂಪು ಆಯಿಲನ್ನು ತಳ್ಳುತ್ತದೆ ಅಷ್ಟೇ. ಬೇರಿಂಗ್ ಸಂದಿ ಎಷ್ಟು ಚಿಕ್ಕದೋ ಅಷ್ಟು ತಡೆ, ತಡೆ ಇದ್ದಷ್ಟು ಪ್ರೆಶರ್. ಸಂದಿ ದೊಡ್ಡದಾದರೆ ಹೊಸ ಪಂಪ್ ಹಾಕಿದರೂ ಮುಳ್ಳು ಸ್ವಲ್ಪ ಮೇಲೆ ಹೋಗಿ ನಿಲ್ಲುತ್ತದೆ, ಮಾಲೀಕ ಖುಷಿಯಾಗಿ ಹೋಗುತ್ತಾನೆ, ತಿಂಗಳಲ್ಲಿ ವಾಪಸ್ ಬರುತ್ತಾನೆ. ತಣ್ಣಗೂ ಬಿಸಿಗೂ ಎರಡರಲ್ಲೂ ಕಡಿಮೆ ಇದ್ದರೆ, ಜಾಸ್ತಿಯಾದ ಪ್ರೆಶರ್ ಬಿಟ್ಟುಕೊಡುವ ರಿಲೀಫ್ ವಾಲ್ವ್ ತೆರೆದೇ ನಿಂತಿದೆಯಾ ನೋಡಿ. ಒಂದು ಚೂರು ಕಸ ಸಿಕ್ಕಿದರೆ ಸಾಕು. ಹೊರಗಿನಿಂದಲೇ ಕೈಗೆ ಸಿಗುವ ಕಡೆ ಅದು ಇದ್ದರೆ ಬಿಚ್ಚಿ ತೊಳೆದು ಸ್ಪ್ರಿಂಗ್ ಉದ್ದ ಅಳೆದು ಹಾಕಿ, ಕೆಲಸ ಹತ್ತು ನಿಮಿಷದ್ದು. ಸ್ಪ್ರಿಂಗ್ ಕೆಳಗೆ ವಾಷರ್ ತುರುಕಿ ಪ್ರೆಶರ್ ಏರಿಸುವ ಜಾಣರೂ ಇದ್ದಾರೆ. ಸ್ಲೋದಲ್ಲಿ ಆ ವಾಲ್ವ್ ಮುಚ್ಚಿಯೇ ಇರುತ್ತದೆ, ಹಾಗಾಗಿ ಅದರಿಂದ ಸ್ಲೋ ಪ್ರೆಶರ್ ಏರುವುದಿಲ್ಲ. ಬೆಳಿಗ್ಗೆ ತಣ್ಣಗಿನ ಸ್ಟಾರ್ಟಿಂಗ್‌ನಲ್ಲಿ ಮಾತ್ರ ಫಿಲ್ಟರ್ ಉಬ್ಬಿ ಒಡೆಯುತ್ತದೆ.

ಮುಳ್ಳು ಕುಣಿಯುತ್ತಿದ್ದರೆ, ಅದೂ ಬ್ರೇಕ್ ಹೊಡೆದಾಗ ಅಥವಾ ಏರಿನಲ್ಲಿ, ಚೇಂಬರಿನಲ್ಲಿರುವ ಸಕ್ಷನ್ ಪೈಪು ಗಾಳಿ ಎಳೆಯುತ್ತಿದೆ. ಆಯಿಲ್ ಕಡಿಮೆ ಇರಬಹುದು, ಪೈಪಿನ ಗ್ಯಾಸ್ಕೆಟ್ ಹೋಗಿರಬಹುದು, ಪೈಪೇ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಆ ಪೈಪಿನ ಬಾಯಿಯ ಜಾಲರಿ ಕಟ್ಟಿದರೂ ಹೀಗೆ ಆಗುತ್ತದೆ, ಆದರೆ ಜಾಲರಿ ಕಟ್ಟಿದಾಗ ಸ್ಲೋದಲ್ಲಿ ಪರವಾಗಿಲ್ಲ ಅನ್ನಿಸಿ ರೇಸ್ ಕೊಟ್ಟಂತೆ ಪ್ರೆಶರ್ ಇಳಿಯುತ್ತದೆ, ಯಾಕೆಂದರೆ ಪಂಪು ಕೇಳುವಷ್ಟು ಆಯಿಲ್ ಬರುವುದಿಲ್ಲ. ರೇಸ್ ಕೊಟ್ಟಾಗ ಪ್ರೆಶರ್ ಇಳಿಯುವುದು ನೋಡಿದರೆ ನಾನು ಬೇರೆ ಏನೂ ಯೋಚಿಸದೆ ಚೇಂಬರ್ ಇಳಿಸುತ್ತೇನೆ. ಗ್ಯಾಸ್ಕೆಟ್ ಪೇಸ್ಟನ್ನು ಟೂತ್‌ಪೇಸ್ಟಿನ ಹಾಗೆ ಬಳಿದ ಇಂಜಿನ್‌ಗಳಲ್ಲಿ ಜಾಲರಿ ತುಂಬಾ ಅದೇ ಸಿಕ್ಕಿದೆ.

ಫಿಲ್ಟರನ್ನು ಎಸೆಯಬೇಡಿ. ಕತ್ತರಿಸಿ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಬೆಳ್ಳಿ ಮಿಂಚಿನ ಪುಡಿ ಇದ್ದರೆ ಬೇರಿಂಗ್‌ನ ಮೇಲಿನ ಪದರ ಹೋಗುತ್ತಿದೆ. ತಾಮ್ರದ ಬಣ್ಣ ಕಂಡರೆ ಬೇರಿಂಗ್ ಒಳಪದರಕ್ಕೆ ಬಂದಿದೆ, ಅಥವಾ ಟರ್ಬೋ ಬುಷ್ಷೋ ಕನೆಕ್ಟಿಂಗ್ ರಾಡ್ ಬುಷ್ಷೋ ತಿನ್ನುತ್ತಿದೆ. ಮ್ಯಾಗ್ನೆಟ್‌ಗೆ ಅಂಟುವ ಚೂರು ಇದ್ದರೆ ಗೇರ್, ರಿಂಗ್, ಲೈನರ್ ಕಡೆ ಕಣ್ಣಿಡಿ. ಈ ಒಂದು ನೋಟ ಎಷ್ಟೋ ಸಲ ಚೇಂಬರ್ ಇಳಿಸಬೇಕಾ ಬೇಡ್ವಾ ಅನ್ನುವುದನ್ನು ತೀರ್ಮಾನಿಸಿಬಿಡುತ್ತದೆ. ಇಳಿಸಿದರೆ ಬಿಗ್ ಎಂಡ್ ಬೇರಿಂಗ್ ಒಂದು, ಮೇನ್ ಬೇರಿಂಗ್ ಒಂದು ಬಿಚ್ಚಿ ಪ್ಲಾಸ್ಟಿಗೇಜ್ ದಾರ (ಚಪ್ಪಟೆಯಾದಷ್ಟರಿಂದ ಸಂದಿ ಹೇಳುವ ಪ್ಲಾಸ್ಟಿಕ್ ಎಳೆ) ಇಟ್ಟು, ಬೋಲ್ಟನ್ನು ಲೆಕ್ಕದಷ್ಟು ಟಾರ್ಕ್ ಮಾಡಿ ಸಂದಿ ಅಳೆಯಿರಿ. ಬೆರಳಿನಿಂದ ಅಲ್ಲಾಡಿಸಿ "ಪ್ಲೇ ಇಲ್ಲ ಬಿಡಿ" ಅನ್ನುವುದು ಅಳತೆ ಅಲ್ಲ. ಪಿಸ್ಟನ್ ಕೂಲಿಂಗ್ ಜೆಟ್ (ಪಿಸ್ಟನ್ ತಣ್ಣಗಿಡಲು ಆಯಿಲ್ ಚಿಮ್ಮುವ ಕೊಳವೆ) ಇರುವ ಇಂಜಿನ್ ಆದರೆ ಅದರಲ್ಲಿ ಯಾವುದಾದರೂ ಮುರಿದು ಬಿದ್ದಿದೆಯಾ ಎಣಿಸಿ. ಏರ್ ಕಂಪ್ರೆಸರ್‌ಗೂ ಆಯಿಲ್ ಹೋಗುವುದು ಇದೇ ಇಂಜಿನ್‌ನಿಂದ. ಏರ್ ಟ್ಯಾಂಕ್ ಡ್ರೈನ್ ಬಿಟ್ಟಾಗ ಆಯಿಲ್ ಚೆಲ್ಲಿದರೆ ಕಂಪ್ರೆಸರ್ ಸವೆದಿದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಡೀಸೆಲ್ ಕಡೆ: ಹಳೆಯ ಪಂಪಿನ ಗಾಡಿ

ಡೀಸೆಲನ್ನು ನಾಜಲ್‌ಗಳಿಗೆ ಒತ್ತಿ ಕಳಿಸುವ, ಸಾಲಾಗಿ ಆರು ಪ್ಲಂಜರ್ (ಒತ್ತುವ ಕಡ್ಡಿ) ಇರುವ ಇನ್‌ಲೈನ್ ಇಂಜೆಕ್ಷನ್ ಪಂಪಿಗೆ ನಮ್ಮಲ್ಲಿ ಇವತ್ತಿಗೂ ಮೈಕೋ ಪಂಪ್ ಅಂತಲೇ ಹೆಸರು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು, ಆದರೆ ಶೆಡ್ಡುಗಳಲ್ಲಿ ಹೆಸರು ಬದಲಾಗಲಿಲ್ಲ, ಬೆಂಗಳೂರಿನ ಮೈಕೋ ಲೇಔಟೂ ಬದಲಾಗಲಿಲ್ಲ.

ಪಿಕಪ್ ಇಲ್ಲ ಅಂತ ಬಂದ ಗಾಡಿಯನ್ನು ಮೊದಲು ಲೋಡಿನಲ್ಲಿ ಓಡಿಸಿ, ಕನ್ನಡಿಯಲ್ಲಿ ಹೊಗೆ ನೋಡಿ. ಎಳೆತ ಕಡಿಮೆ, ಕಪ್ಪು ಹೊಗೆ ಜಾಸ್ತಿ ಅಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ: ಏರ್ ಫಿಲ್ಟರ್, ಟರ್ಬೋ, ಇಂಟರ್‌ಕೂಲರ್ ಹೋಸ್ ಕಡೆ ಹೋಗಿ. ಎಳೆತವೂ ಇಲ್ಲ ಹೊಗೆಯೂ ಇಲ್ಲ ಅಂದರೆ ಡೀಸೆಲ್ ಸಾಲುತ್ತಿಲ್ಲ. ಇಷ್ಟನ್ನು ನೋಡದೆ ನಾಜಲ್ ಬಿಚ್ಚುವವರೇ ಜಾಸ್ತಿ.

ಟ್ಯಾಂಕಿನಿಂದ ಶುರು ಮಾಡಿ. ಗಾಡಿ ಎಳೆಯದೆ ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ಹೋದರೆ ಗಾಳಿ ತೂತು ಕಟ್ಟಿದೆ, ಕೆಲಸ ಮುಗಿಯಿತು. ಅರ್ಧ ಗಂಟೆ ಚೆನ್ನಾಗಿ ಓಡಿ ನಿಂತು, ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿಯಾಗುವ ಗಾಡಿಯಲ್ಲಿ ಟ್ಯಾಂಕಿನೊಳಗೆ ಏನೋ ತೇಲುತ್ತಿರುತ್ತದೆ. ಓಡುವಾಗ ಎಳೆತಕ್ಕೆ ಬಂದು ಪೈಪಿನ ಬಾಯಿಗೆ ಅಂಟುತ್ತದೆ, ನಿಲ್ಲಿಸಿದರೆ ಬಿದ್ದುಹೋಗುತ್ತದೆ. ನನಗೆ ಒಂದು ಸಲ ಗುಟ್ಕಾ ಪ್ಯಾಕೆಟ್ ಸಿಕ್ಕಿದೆ, ಒಂದು ಸಲ ಒರೆಸುವ ಬಟ್ಟೆಯ ತುಂಡು.

ಟ್ಯಾಂಕಿನ ಮೇಲೆ ಅನುಮಾನ ತೀರಿಸಿಕೊಳ್ಳಲು ಸುಲಭದ ದಾರಿ ಕ್ಯಾನ್. ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಫೀಡ್ ಪಂಪಿಗೆ ಬರುವ ಪೈಪು, ಮತ್ತೆ ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪು, ಎರಡನ್ನೂ ಶುದ್ಧ ಡೀಸೆಲ್ ಇರುವ ಕ್ಯಾನಿಗೆ ಹಾಕಿ, ಕ್ಯಾನನ್ನು ಅಲ್ಲಾಡದ ಹಾಗೆ, ಸೈಲೆನ್ಸರ್‌ನಿಂದ ದೂರ ಕಟ್ಟಿ, ಇಂಜಿನ್ನಿಗೆ ಚೆನ್ನಾಗಿ ರೇಸ್ ಕೊಟ್ಟು ನೋಡಿ. ಸರಿಯಾದರೆ ತೊಂದರೆ ಕ್ಯಾನಿಗಿಂತ ಹಿಂದೆ ಇದೆ: ಟ್ಯಾಂಕ್, ಪೈಪು, ನೀರು ಬೇರ್ಪಡಿಸುವ ಸೆಡಿಮೆಂಟರ್. ರಬ್ಬರ್ ಹೋಸು ಹೊರಗಿನಿಂದ ಹೊಸದರ ಹಾಗೆ ಇದ್ದು ಒಳಪದರ ಮಾತ್ರ ಸುಲಿದು ಬಾಗಿಲಿನ ಹಾಗೆ ಮುಚ್ಚಿಕೊಳ್ಳುವುದುಂಟು. ಊದಿದರೆ ಗಾಳಿ ಸರಾಗವಾಗಿ ಹೋಗುತ್ತದೆ, ಎಳೆದರೆ ಬರುವುದಿಲ್ಲ. ಹಾಗಾಗಿ ಹೋಸನ್ನು ಊದಿ ಪರೀಕ್ಷೆ ಮಾಡಬೇಡಿ.

ಏರ್ ಹಿಡಿಯುವ ತೊಂದರೆ ಬೇರೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ತೂತಿದ್ದರೆ ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒದ್ದೆ ಹುಡುಕಿದರೆ ಸಿಗುವುದಿಲ್ಲ. ಫೀಡ್ ಪಂಪಿನ ಹಿಂದೆ ಆ ಪ್ಲಾಸ್ಟಿಕ್ ಪೈಪು ಸೇರಿಸಿ ಗುಳ್ಳೆ ನೋಡಿ. ರಾತ್ರಿ ಮೂತಿ ಏರಿನ ಕಡೆ ಮಾಡಿ ನಿಲ್ಲಿಸಿದರೆ ಮಾತ್ರ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ ಅನ್ನುವ ಗಾಡಿಗಳು ಹೆಚ್ಚಾಗಿ ಇದೇ ಜಾತಿ. ಫೀಡ್ ಪಂಪಿಗೆ ಇರುವ, ಕೈಯಲ್ಲಿ ಹೊಡೆಯುವ ಹ್ಯಾಂಡ್ ಪಂಪ್ ಕೂಡ ಮಾತಾಡುತ್ತದೆ. ನಾಲ್ಕಾರು ಸಲ ಹೊಡೆದ ಮೇಲೆ ಗಟ್ಟಿಯಾದರೆ ಸರಿ ಇದೆ. ಎಷ್ಟು ಹೊಡೆದರೂ ಪುಸುಪುಸು ಅಂದರೆ ಗಾಳಿ ಇದೆ ಅಥವಾ ಫೀಡ್ ಪಂಪಿನ ವಾಲ್ವ್ ಕೂರುತ್ತಿಲ್ಲ. ಮೇಲೆ ಎತ್ತುವಾಗಲೇ ಬಿಗಿಯಾಗಿ ಕೈಯನ್ನು ವಾಪಸ್ ಎಳೆದರೆ ಹಿಂದೆ ಎಲ್ಲೋ ಕಟ್ಟಿದೆ.

ಆಮೇಲೆ ಗೇಜ್. ಫಿಲ್ಟರ್ ಆದ ಮೇಲೆ, ಇಂಜೆಕ್ಷನ್ ಪಂಪಿನ ಮೊದಲು ಟೀ ಜಾಯಿಂಟ್ ಹಾಕಿ. ಇನ್‌ಲೈನ್ ಪಂಪಿಗೆ ಇಲ್ಲಿ ಸಾಮಾನ್ಯವಾಗಿ 1ರಿಂದ 2 ಬಾರ್ ಬೇಕು, ಅದೂ ರೇಸ್ ಕೊಟ್ಟಾಗಲೂ ನಿಲ್ಲಬೇಕು. ಇಲ್ಲಿ ಕಡಿಮೆ ಇದ್ದು ಫಿಲ್ಟರಿನ ಮೊದಲು ಸರಿ ಇದ್ದರೆ ಫಿಲ್ಟರ್. ಎರಡೂ ಕಡೆ ಕಡಿಮೆ ಇದ್ದರೆ ಫೀಡ್ ಪಂಪ್, ಅಥವಾ ಓವರ್‌ಫ್ಲೋ ವಾಲ್ವ್. ಈ ಓವರ್‌ಫ್ಲೋ ವಾಲ್ವ್ ಬಗ್ಗೆ ಸ್ವಲ್ಪ ಹೇಳಬೇಕು. ಪಂಪಿನಿಂದ ರಿಟರ್ನ್ ಹೋಗುವ ಕಡೆ ಬ್ಯಾಂಜೋ ಬೋಲ್ಟಿನ (ಡೀಸೆಲ್ ಹರಿಯಲು ಒಳಗೆ ತೂತಿರುವ ಪೈಪ್ ಬೋಲ್ಟಿನ) ಹಾಗೇ ಕಾಣುವ ಒಂದು ಬೋಲ್ಟ್ ಇರುತ್ತದೆ, ಒಳಗೆ ಗುಂಡು, ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗ್ ಸೋತರೆ ಡೀಸೆಲ್ ಎಲ್ಲ ಟ್ಯಾಂಕಿಗೆ ವಾಪಸ್ ಓಡುತ್ತದೆ, ಪ್ಲಂಜರ್‌ಗೆ ಹೊಟ್ಟೆ ತುಂಬುವುದಿಲ್ಲ. ಯಾವಾಗಲೋ ಯಾರೋ ಅದು ಸೋರುತ್ತಿದೆ ಅಂತ ತೆಗೆದು ಬರೀ ಬ್ಯಾಂಜೋ ಬೋಲ್ಟ್ ಹಾಕಿರುತ್ತಾರೆ. ನೋಡಲು ಒಂದೇ ಥರ, ಹಾಗಾಗಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪರೀಕ್ಷೆ ಸುಲಭ: ಒಂದು ಕ್ಷಣ ರಿಟರ್ನ್ ಪೈಪನ್ನು ಮೆಲ್ಲಗೆ ಒತ್ತಿ ಹಿಡಿದಾಗ ಗೇಜ್ ಜಿಗಿದು ಮೇಲೆ ಹೋದರೆ ಫೀಡ್ ಪಂಪ್ ಗಟ್ಟಿ ಇದೆ, ವಾಲ್ವ್ ಹೋಗಿದೆ. ಒತ್ತಿದರೂ ಏರದಿದ್ದರೆ ಫೀಡ್ ಪಂಪನ್ನು ನೋಡಿ.

ನೀರಿನ ಬಗ್ಗೆ ಒಂದೇ ಮಾತು. ಮಲೆನಾಡಿನ ಮಳೆಯಲ್ಲಿ ಓಡಾಡುವ ಗಾಡಿಯಾದರೆ ಬೆಳಿಗ್ಗೆ ಸೆಡಿಮೆಂಟರ್ ಡ್ರೈನ್ ಬಿಡುವುದು ಕ್ಲೀನರ್‌ನ ಮೊದಲ ಕೆಲಸ ಆಗಲಿ, ಟೀ ಕುಡಿಯುವುದಕ್ಕಿಂತ ಮೊದಲು.

ಕಾಮನ್ ರೈಲ್ ಗಾಡಿ

ಈ ಗಾಡಿಗಳಲ್ಲಿ ಹೈ ಪ್ರೆಶರ್ ಡೀಸೆಲ್ ಎಲ್ಲ ಸಿಲಿಂಡರಿಗೂ ಸೇರಿದ ಒಂದೇ ದಪ್ಪ ಪೈಪಿನಲ್ಲಿ ತುಂಬಿರುತ್ತದೆ, ಆ ಪೈಪಿಗೇ ರೈಲ್ ಅನ್ನುವುದು; ಅಲ್ಲಿಂದ ಡೀಸೆಲ್ ಸಿಂಪಡಿಸುವುದು ಇಂಜೆಕ್ಟರ್. ಇಲ್ಲಿ ಹಳೆಯ ಚಾಳಿ ಒಂದನ್ನು ಬಿಡಬೇಕು. ಹಳೆಯ ಇಂಜಿನ್ನಿನಲ್ಲಿ ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂತ ನೋಡಲು ಓಡುತ್ತಿರುವಾಗಲೇ ನಾಜಲ್ ಪೈಪ್ ನಟ್ ಒಂದೊಂದಾಗಿ ಸಡಿಲಿಸುತ್ತಿದ್ದೆವು. ಕಾಮನ್ ರೈಲ್ ಇಂಜಿನ್‌ನಲ್ಲಿ ಇದನ್ನು ಮಾಡಲೇಬೇಡಿ. ಸ್ಲೋದಲ್ಲೇ ರೈಲಿನಲ್ಲಿ ಸುಮಾರು 300 ಬಾರ್ ಇರುತ್ತದೆ, ಲೋಡಿನಲ್ಲಿ 1600 ದಾಟುತ್ತದೆ. ಹಾಗೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲು ನೋವೂ ಜಾಸ್ತಿ ಇರುವುದಿಲ್ಲ, ಆದರೆ ಒಳಗೆ ಮಾಂಸ ಸಾಯುತ್ತಾ ಹೋಗುತ್ತದೆ. ಹಾಗಾದರೆ ತಡ ಮಾಡದೆ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತ ಬಾಯಿ ಬಿಟ್ಟು ಹೇಳಿ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ, ಬೆರಳು ಬೇಡ. ಇಂಜಿನ್ ನಿಲ್ಲಿಸಿದ ಮೇಲೂ ಪ್ರೆಶರ್ ಇಳಿಯಲು ಬಿಟ್ಟು ಆಮೇಲೆ ಕೈ ಹಾಕಿ, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇದ್ದರೆ ರೈಲ್ ಪ್ರೆಶರ್ ಸೊನ್ನೆ ಆಗಿದೆಯಾ ನೋಡಿ.

ಸ್ಕ್ಯಾನರ್‌ನಲ್ಲಿ ಎರಡು ಸಾಲು ಸಾಕು: ಇಸಿಯು (ಇಂಜಿನ್ ನಡೆಸುವ ಆ ಕಂಪ್ಯೂಟರ್) ಕೇಳುತ್ತಿರುವ ರೈಲ್ ಪ್ರೆಶರ್ ಎಷ್ಟು, ನಿಜವಾಗಿ ಬಂದಿರುವುದು ಎಷ್ಟು. ಮೊದಲು ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡದೆ ನೋಡಿ, ಸೊನ್ನೆಯ ಹತ್ತಿರ ಇರಬೇಕು. ಆಗಲೇ ನೂರಾರು ಬಾರ್ ತೋರಿಸಿದರೆ ಸೆನ್ಸರ್ ಅಥವಾ ವೈರಿಂಗ್ ಸುಳ್ಳು ಹೇಳುತ್ತಿದೆ. ಸೆಲ್ಫ್ ಹೊಡೆದಾಗ ಸುಮಾರು 200 ಬಾರ್ ಹತ್ತಿರ ಬರದಿದ್ದರೆ ಹೆಚ್ಚಿನ ಗಾಡಿಗಳಲ್ಲಿ ಇಸಿಯು ಇಂಜೆಕ್ಟರ್ ತೆರೆಯುವುದೇ ಇಲ್ಲ, ಇಂಜಿನ್ ಸುಮ್ನೆ ತಿರುಗುತ್ತದೆ. ಸೆಲ್ಫ್ ಮೋಟಾರಿನ ಮೇಲೆ ಕರುಣೆ ಇರಲಿ, ಹದಿನೈದು ಸೆಕೆಂಡ್ ಹೊಡೆದು ಎರಡು ನಿಮಿಷ ಬಿಡಿ.

ಪ್ರೆಶರ್ ಬರುತ್ತಿಲ್ಲ ಅಂದ ಕೂಡಲೇ ಹೈ ಪ್ರೆಶರ್ ಪಂಪ್ ಬದಲಿಸಿ ಅನ್ನುವವರ ಮಾತಿಗೆ ಮರುಳಾಗಬೇಡಿ, ಅದು ಎಲ್ಲಕ್ಕಿಂತ ದುಬಾರಿ ಉತ್ತರ. ಲೋ ಪ್ರೆಶರ್ ಕಡೆ ಮೇಲೆ ಹೇಳಿದ ಎಲ್ಲವನ್ನೂ ಮೊದಲು ಮುಗಿಸಿ. ಆಮೇಲೆ ಪ್ರತಿ ಇಂಜೆಕ್ಟರಿನ ರಿಟರ್ನ್‌ಗೆ ಒಂದೊಂದು ಚಿಕ್ಕ ಬಾಟಲಿ ಕಟ್ಟಿ ಸ್ಲೋದಲ್ಲಿ ಒಂದೆರಡು ನಿಮಿಷ ಓಡಿಸಿ. ಆರರಲ್ಲಿ ಐದು ಬಾಟಲಿ ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ ತುಂಬಿದ್ದರೆ ಕಳ್ಳ ಸಿಕ್ಕಿದ. ರಿಟರ್ನ್ ದಾರಿ ಇಂಜಿನ್ ಹೆಡ್ ಒಳಗೇ ಇರುವ ಇಂಜಿನ್‌ಗಳಲ್ಲಿ ಬಾಟಲಿ ಕಟ್ಟಲಾಗುವುದಿಲ್ಲ, ಅಲ್ಲಿ ಒಟ್ಟು ರಿಟರ್ನ್ ಅಳೆದು ಒಂದೊಂದು ಇಂಜೆಕ್ಟರ್ ಲೈನನ್ನು ಕಂಪನಿ ಕೊಡುವ ಮುಚ್ಚಳದಿಂದ ಬಂದ್ ಮಾಡಿ ನೋಡಬೇಕು. ಇಂಜೆಕ್ಟರ್ ಸರಿ ಇದ್ದರೆ ರೈಲಿನ ರಿಲೀಫ್ ವಾಲ್ವಿನಿಂದ ಡೀಸೆಲ್ ವಾಪಸ್ ಹೋಗುತ್ತಿದೆಯಾ ನೋಡಿ, ಆಮೇಲೆ ಪಂಪಿಗೆ ಡೀಸೆಲ್ ಅಳೆದು ಬಿಡುವ ಮೀಟರಿಂಗ್ ವಾಲ್ವ್, ಕೊನೆಗೆ ಪಂಪ್.

ಪಂಪ್ ಬಿಚ್ಚುವ ಮೊದಲು ಫಿಲ್ಟರಿನಲ್ಲೂ ಮೀಟರಿಂಗ್ ವಾಲ್ವಿನ ಜಾಲರಿಯಲ್ಲೂ ಮಿಂಚುವ ಲೋಹದ ಪುಡಿ ಇದೆಯಾ ನೋಡಿ. ಇದ್ದರೆ ಪಂಪ್ ಒಂದನ್ನೇ ಬದಲಿಸಿ ಗಾಡಿ ಕೊಟ್ಟರೆ ಅದೇ ಪುಡಿ ಹೊಸ ಪಂಪನ್ನೂ ಇಂಜೆಕ್ಟರನ್ನೂ ತಿನ್ನುತ್ತದೆ. ಟ್ಯಾಂಕಿನಿಂದ ರೈಲಿನವರೆಗೆ ಎಲ್ಲವನ್ನೂ ತೊಳೆಯಬೇಕು, ಇಂಜೆಕ್ಟರ್ ಟೆಸ್ಟಿಗೆ ಹೋಗಬೇಕು. ಇದನ್ನು ಮಾಲೀಕರಿಗೆ ಮೊದಲೇ ಹೇಳಿ, ಬಿಲ್ಲು ನೋಡಿದ ಮೇಲೆ ಹೇಳಿದರೆ ಜಗಳ. ಹೊಸ ಫಿಲ್ಟರ್ ಹಾಕುವಾಗ ಕ್ಯಾನಿನಿಂದ ಡೀಸೆಲ್ ತುಂಬಿ ಹಾಕುವುದನ್ನೂ ಇಲ್ಲಿ ಬಿಡಿ, ಸೋಸದ ಡೀಸೆಲ್ ನೇರ ಪಂಪಿಗೆ ಹೋಗುತ್ತದೆ. ಖಾಲಿ ಹಾಕಿ, ಹ್ಯಾಂಡ್ ಪಂಪ್ ಹೊಡೆಯಿರಿ, ಕೈ ನೋಯಲಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಗಾಡಿಗಳಲ್ಲಿ ಇನ್ನೊಂದು ವಿಷಯ. ಸೈಲೆನ್ಸರ್ ಕಡೆಯ ಫಿಲ್ಟರಿನಲ್ಲಿ ಕಟ್ಟಿದ ಮಸಿಯನ್ನು ಸುಡಲು ಕೆಲವು ಇಂಜಿನ್‌ಗಳು ತಡವಾಗಿ ಸ್ವಲ್ಪ ಡೀಸೆಲ್ ಸಿಂಪಡಿಸುತ್ತವೆ. ಊರೊಳಗೆ ನಿಂತು ನಿಂತು ಓಡುವ ಗಾಡಿಯಲ್ಲಿ ಆ ಸುಡುವ ಕೆಲಸ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾದರೆ ಸಿಲಿಂಡರ್ ಬೋರಿನ ಗೋಡೆ ಹಿಡಿದು ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಏರಿದೆ ಅಂತ ಇಂಜೆಕ್ಟರ್ ಬಿಚ್ಚುವ ಮೊದಲು ಆ ಗಾಡಿ ಎಂಥ ಓಟದಲ್ಲಿದೆ ಅಂತ ಡ್ರೈವರನ್ನು ಕೇಳಿ.

ಆ ಗೊಬ್ಬರದ ಲಾರಿ

ಕಡ್ಡಿ ತೆಗೆದೆ. ಆಯಿಲ್ ಮೇಲಿನ ಗೀಟಿಗಿಂತ ಎರಡು ಬೆರಳು ಮೇಲೆ. ಆಯಿಲ್ ಕುಡಿಯುತ್ತಿರಲಿಲ್ಲ ಅಂತಲ್ಲ, ಕುಡಿದಷ್ಟಕ್ಕಿಂತ ಜಾಸ್ತಿ ಡೀಸೆಲ್ ಬಂದು ಸೇರುತ್ತಿತ್ತು. ವಾಸನೆ ನೋಡಲು ಮೂಗಿನ ಹತ್ತಿರ ತರಬೇಕಾಗಿಯೇ ಇರಲಿಲ್ಲ. ಸ್ಟಾರ್ಟ್ ಮಾಡಲಿಲ್ಲ. ಆಯಿಲ್ ಇಳಿಸಿದೆವು, ಹೊಸ ಫಿಲ್ಟರ್, ಹೊಸ 15ಡಬ್ಲ್ಯೂ-40 ಆಯಿಲ್, ಗೇಜ್ ಹಾಕಿ ಬಿಸಿ ಮಾಡಿದರೆ ಸ್ಲೋದಲ್ಲಿ 1.2 ಬಾರ್. ಹಳೆಯ ಫಿಲ್ಟರ್ ಕತ್ತರಿಸಿದರೆ ಮಸಿ ಬಿಟ್ಟರೆ ಮಿಂಚುವ ಪುಡಿ ಏನೂ ಇಲ್ಲ. ಅಂದರೆ ಬೇರಿಂಗ್ ಇನ್ನೂ ಬದುಕಿತ್ತು, ಅವರು ಎಸೆದ ಹಳೆಯ ಆಯಿಲ್ ಪಂಪೂ ಬಹುಶಃ ಚೆನ್ನಾಗಿಯೇ ಇತ್ತು.

ಈಗ ಡೀಸೆಲ್ ಎಲ್ಲಿಂದ ಬಂತು? ನಾಜಲ್ ಸೋರಿದರೆ ಹೊಗೆ ಬರಬೇಕು, ಇಂಜಿನ್ ಕುಟ್ಟಬೇಕು. ಎರಡೂ ಇರಲಿಲ್ಲ, ಮೇಲಾಗಿ ಟೆಸ್ಟ್ ಆಗಿ ಬಂದಿತ್ತು. ಗೇಜನ್ನು ಡೀಸೆಲ್ ಕಡೆ ಹಾಕಿದೆ: ಫಿಲ್ಟರಿನ ಮೊದಲು, ಆದ ಮೇಲೆ, ಎರಡೂ ಕಡೆ ಅರ್ಧ ಬಾರ್. ರಿಟರ್ನ್ ಒತ್ತಿದರೂ ಏರಲಿಲ್ಲ. ಹಾಗಾದರೆ ಫೀಡ್ ಪಂಪ್. ಅದೇ ಫೀಡ್ ಪಂಪ್ ಇಂಜೆಕ್ಷನ್ ಪಂಪಿನ ಹೊಟ್ಟೆಗೆ ಅಂಟಿಕೊಂಡಿರುತ್ತದೆ, ಒಳಗಿನ ಕ್ಯಾಮ್ ಅದರ ಕಡ್ಡಿಯನ್ನು ತಳ್ಳುತ್ತಿರುತ್ತದೆ. ಆ ಹೊಟ್ಟೆಯಲ್ಲಿ ಇರುವುದು ಇಂಜಿನ್ ಆಯಿಲ್. ಕಡ್ಡಿಯೂ ಅದು ಓಡಾಡುವ ತೂತೂ ಸವೆದರೆ ಡೀಸೆಲ್ ಅಲ್ಲಿಂದ ಜಾರಿ ಇಂಜಿನ್‌ಗೆ ಸೇರುತ್ತದೆ. ಮುಂದೆ ಹೋಗಬೇಕಾದ ಪ್ರೆಶರ್ ಅಷ್ಟು ಕಡಿಮೆ, ಅದಕ್ಕೇ ಘಾಟಿಯಲ್ಲಿ ಎಳೆತ ಇಲ್ಲ. ಇತ್ತ ಆಯಿಲ್ ತೆಳ್ಳಗಾಗಿ ಅದರ ಪ್ರೆಶರ್ ಕೂಡ ಇಲ್ಲ. ಎರಡು ದೂರಿಗೆ ಬೇರು ಒಂದೇ.

ಊಹೆ ಅಂತ ಬಿಡಬಾರದು ಅಂತ ಫೀಡ್ ಪಂಪಿನ ಮೂರು ನಟ್ ಬಿಚ್ಚಿ, ಡೀಸೆಲ್ ಪೈಪುಗಳನ್ನು ಹಾಗೇ ಬಿಟ್ಟು, ಪಂಪನ್ನು ಈಚೆಗೆ ಎಳೆದು ಹಿಡಿದು ಹುಡುಗನಿಗೆ ಹ್ಯಾಂಡ್ ಪಂಪ್ ಹೊಡೆಯಲು ಹೇಳಿದೆ. ಕಡ್ಡಿಯ ಸುತ್ತ ಡೀಸೆಲ್ ಬೆವರಿದ ಹಾಗೆ ಬಂತು, ಇನ್ನು ನಾಲ್ಕು ಸಲ ಹೊಡೆದ ಮೇಲೆ ತೊಟ್ಟಿಕ್ಕಿತು. ಕಡ್ಡಿಯ ಸುತ್ತ ಬರದೆ, ಹೊಟ್ಟೆಯ ಕಿಂಡಿಯಲ್ಲಿ ಒಳಗಿನಿಂದಲೇ ಡೀಸೆಲ್ ಇಳಿದಿದ್ದರೆ ಪ್ಲಂಜರ್ ಸವೆದಿದೆ ಅಂತ ಲೆಕ್ಕ, ಆಗ ಪೂರ್ತಿ ಪಂಪ್ ಕ್ಯಾಲಿಬ್ರೇಶನ್‌ಗೆ ಇಳಿಸಬೇಕಾಗುತ್ತಿತ್ತು. ಅದು ಆಗಲಿಲ್ಲ.

ಹೊಸ ಫೀಡ್ ಪಂಪ್, ಎರಡು ಗ್ಯಾಸ್ಕೆಟ್, ನಾಲ್ಕು ತಾಮ್ರದ ವಾಷರ್. ಫಿಲ್ಟರಿನ ಸ್ಕ್ರೂ ಬಿಟ್ಟು ಏರ್ ತೆಗೆದೆವು, ಆಮೇಲೆ ಪಂಪಿನ ಸ್ಕ್ರೂ. ಎರಡನೇ ಸೆಲ್ಫಿಗೆ ಹತ್ತಿತು. ಗೇಜ್ 1.6 ಬಾರ್ ತೋರಿಸಿ ಅಲ್ಲೇ ನಿಂತಿತು. ಇಂಜಿನ್ ಒಳಗಡೆ ಉಳಿದ ಡೀಸೆಲ್ ಇರುತ್ತದಲ್ಲ, ಅದಕ್ಕೆ ಸಾವಿರ ಕಿಲೋಮೀಟರ್‌ಗೆ ಆಯಿಲ್ ಮತ್ತೊಮ್ಮೆ ಬದಲಿಸಿ ಅಂತ ಹೇಳಿ, ಕಡ್ಡಿಯ ಲೆವೆಲ್ ಎಲ್ಲಿದೆ ಅಂತ ಡ್ರೈವರ್ ಫೋನಿನಲ್ಲೇ ಫೋಟೋ ತೆಗೆಸಿದೆ. ಹದಿನೈದು ದಿನ ಬಿಟ್ಟು ಫೋನ್ ಬಂತು, ದನಿಯಲ್ಲಿ ಗಾಬರಿ: "ಅಣ್ಣ, ಗಾಡಿ ಏನೋ ಘಾಟಿನಲ್ಲಿ ಮೂರನೇ ಗೇರಿಗೇ ಹೋಗ್ತಿದೆ, ಆದ್ರೆ ಆಯಿಲ್ ಕಾಲು ಲೀಟರ್ ಕಡಿಮೆ ಆಗಿದೆ."